ಕೃಷ್ಣ ಚಿವುಟಿದ ಕೈ

ಪಶ್ಚಿಮ ಮಾಂಬಲಂ, ಚೆನ್ನೈ
13 ಜುಲೈ 2025

ಶ್ರೀಮದ್ ಗುರುಚರಣರಾಯರ ಸನ್ನಿಧಿಗೆ, ಅವರ ಏಕೈಕ ಪುತ್ರಿಯೂ, ಕ್ರೋಂಪೇಟೆಯ ಕಾಲೇಜಿನಲ್ಲಿ ವಿದ್ಯುಚ್ಛಕ್ತಿಯನ್ನು ಅಭ್ಯಾಸ ಮಾಡುತ್ತಿರುವವಳೂ, ಅದರಲ್ಲಿ ಎರಡು ಪೇಪರ್ ಬಾಕಿ ಇಟ್ಟುಕೊಂಡಿರುವವಳೂ ಆದ ರಂಜನಿ ಮಾಡುವ ಅನಂತ ನಮಸ್ಕಾರಗಳು.

ತಾವು ಚಾತುರ್ಮಾಸ್ಯದ ಸೇವೆಗೆಂದು ಮಠದ ಅಡುಗೆಮನೆ ಸೇರಿ, ಅಲ್ಲಿಯ ನಿಯಮದಂತೆ ಫೋನನ್ನು ಕಪಾಟಿಗೆ ಒಪ್ಪಿಸಿ, ಮಗಳ ಕನ್ನಡ ಉದ್ಧಾರವಾಗಲೆಂದು ಸ್ಟಾಂಪ್ ಹಚ್ಚಿದ ಹನ್ನೆರಡು ಕವರು ಕೊಟ್ಟು ಹೋದಿರಷ್ಟೆ. ಇದು ಮೊದಲನೆಯದು. ತಮಿಳು ಶಾಲೆಯಲ್ಲಿ ಓದಿದವಳಿಗೆ ಅಜ್ಜಿ ಕಲಿಸಿದ ಕನ್ನಡವೇ ಗತಿ. ಕಾಗುಣಿತದ ತಪ್ಪುಗಳಿದ್ದರೆ ಅವು ತಮ್ಮ ಮಾತೃಶ್ರೀ ಭೀಮಾಬಾಯಿಯವರ ಲೆಕ್ಕಕ್ಕೆ.

ಅವರದೇ ಸಮಾಚಾರ ಇದೆ. ಅಜ್ಜಿ ಮಾತಾಡುತ್ತಿದ್ದಾಳೆ!

ತಾತ ಹೋದ ಮೇಲೆ ಅವಳ ಬಾಯಿಂದ ನಾವು ಕೇಳಿದ್ದು ಎರಡೇ ಮಾತು. ಒಂದು "ಹೂಂ", ಇನ್ನೊಂದು "ಮುಟ್ಟಬೇಡ, ಮಡಿ". ಹೋದ ಸೋಮವಾರ ನಾನು ಕಾಫಿ ಕುಡಿಯುತ್ತಾ ಕೂತಿದ್ದೆ. ಒದ್ದೆ ಮಡಿಸೀರೆಯಲ್ಲಿ ನೀರು ತೊಟ್ಟಿಕ್ಕಿಸುತ್ತಾ ದೇವರ ಮನೆಯಿಂದ ಬಂದಳು. ಮುಖ ನೋಡಬೇಕಿತ್ತು, ಪರೀಕ್ಷೆಯಲ್ಲಿ ಕಾಪಿ ಹೊಡೆದು ಪಾಸಾದವರ ಮುಖ.

"ಏನೇ ರಂಜೂ, ಅವನು ನನ್ನ ಕೈ ಚಿವುಟಿದ ಕಣೆ."

"ಯಾರಜ್ಜಿ?"

"ಇನ್ನ್ಯಾರು? ನಮ್ಮ ಕೃಷ್ಣ. ನೀರು ಹಾಕಿ ತಲೆ ಒರೆಸ್ತಿದ್ದೆ, ಜುಮ್ ಅಂತ ಚಿವುಟಿದ. ನಿನ್ನ ಥರಾನೇ ಪೋಕರಿ."

ಅಮ್ಮ ಅಂಬತ್ತೂರಿನ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲೂ ಹೋಗಿ ಮುಟ್ಟಿ ನೋಡಿದಳು. ಹಿಮ್ಮಡಿ ನೋವಿಗೆಂದು ಮನೆಯೊಳಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿಯಲ್ಲೇ ಹೋದಳು. ಏನೂ ಆಗಲಿಲ್ಲ. ಅಜ್ಜಿಯ ತೀರ್ಪು: "ಚಪ್ಪಲಿ ಹಾಕ್ಕೊಂಡು ಹೋಗಿ ಮುಟ್ಟಿದರೆ ಅವನು ಯಾಕೆ ಚಿವುಟ್ತಾನೆ ನಾಗಮಣಿ? ಮಡಿ ಬೇಕು, ಮಡಿ."

ಈಗ ದಿನಾ ಚಿವುಟುತ್ತಾನಂತೆ. ಅಜ್ಜಿ ಎರಡು ಸಲ ಸಾರು ಬಡಿಸಿಕೊಳ್ಳುತ್ತಾಳೆ, ಹಾಡು ಹೇಳುತ್ತಾಳೆ. ತಾವು ಹೊರಡುವ ಮುಂಚೆ ನಾನು ಹಿತ್ತಾಳೆ ಮಂಟಪಕ್ಕೆ ಸುತ್ತಿದ ಸಣ್ಣ ಬಲ್ಬುಗಳ ಸರ ಅವನಿಗೆ ಹಿಡಿಸಿರಬೇಕು ಎಂಬುದು ಅವಳ ಅಭಿಪ್ರಾಯ. ತಮ್ಮ ಮಗಳು ಜೀವನದಲ್ಲಿ ಮಾಡಿದ ಏಕೈಕ ಪುಣ್ಯಕಾರ್ಯ ಹೀಗೆ ಫಲಿಸಿತೆಂದು ತಿಳಿಸಲು ಸಂತೋಷಿಸುತ್ತೇನೆ.

ಇಂತು,
ಮಾಂಬಲಂ ಕಿಡಿಗೇಡಿಗಳ ಸಂಘದ ಅಧ್ಯಕ್ಷೆ,
ಕುಮಾರಿ ರಂಜನಿ


ಮಠದ ಪಾಕಶಾಲೆ
22 ಜುಲೈ

ಚಿ. ರಂಜನಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಇಲ್ಲಿ ತರಕಾರಿ ಹೆಚ್ಚುತ್ತಾ ಕೂತಿದ್ದ ಎಲ್ಲರಿಗೂ ಓದಿ ಹೇಳಿದೆ. ಇಬ್ಬರು ಕಣ್ಣು ಒರೆಸಿಕೊಂಡರು. ಒಬ್ಬರು ಈರುಳ್ಳಿಯೇ ಇಲ್ಲದ ಅಡುಗೆಮನೆಯಲ್ಲಿ ಹೀಗೆ ಅಳು ಬರುವುದು ದೊಡ್ಡದು ಎಂದರು.

ಅಮ್ಮ ಹಾಡು ಹೇಳುತ್ತಾಳೆ ಎಂಬ ಸಾಲನ್ನು ನಾನು ಒಬ್ಬನೇ ಮತ್ತೆ ಓದಿಕೊಂಡೆ. ಅಪ್ಪ ಹೋದ ಮೇಲೆ ಅವಳ ಎದುರು ಕೂರಲಾಗದೆಯೇ ನಾನು ಈ ಸೇವೆಗೆ ಬಂದದ್ದೋ ಏನೋ. ಇರಲಿ.

ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡ. ನೀನು ಏನೂ ಮಾಡಿಲ್ಲ ತಾನೆ? ಬದರಿನಾಥ ಮಾವನಿಗೆ ಶಾಕ್ ಹೊಡೆಯುವ ಪೆನ್ನು ಕೊಟ್ಟು ಮದುವೆಯ ಮನೆಯಲ್ಲಿ ಸಹಿ ಹಾಕಿಸಿದವಳು ನೀನು. ಆ ಮನುಷ್ಯ ಇವತ್ತಿಗೂ ಪೆನ್ಸಿಲ್ಲಿನಲ್ಲೇ ಬರೆಯುತ್ತಾನೆ.

ನಿನ್ನ ಅಪ್ಪ,
ಗುರುಚರಣ


ಪಶ್ಚಿಮ ಮಾಂಬಲಂ
2 ಆಗಸ್ಟ್

ಪೂಜ್ಯ ತೀರ್ಥರೂಪರ ಸನ್ನಿಧಿಯಲ್ಲಿ ಆರೋಪಿ ರಂಜನಿಯ ತಪ್ಪೊಪ್ಪಿಗೆ.

ಮಾಡಿದ್ದೇನೆ ಅಪ್ಪ. ಬೇಕೆಂದು ಅಲ್ಲ. ಅಲ್ಲ ಎಂದರೆ ಯಾರು ನಂಬುತ್ತಾರೆ ಎನ್ನುವುದೇ ಪ್ರಶ್ನೆ.

ನಿನ್ನ ಕಾಗದ ಓದಿ, ಅಜ್ಜಿ ಮಹಡಿಯಲ್ಲಿ ಸೀರೆ ಒಣಹಾಕಲು ಹೋದಾಗ, ಮಡಿಯಿಲ್ಲದೆ ದೇವರ ಮನೆಗೆ ನುಗ್ಗಿದೆ. ಟೆಸ್ಟರನ್ನು ಹಿತ್ತಾಳೆ ಕೃಷ್ಣನ ತಲೆಗೆ ಹಿಡಿದೆ. ಅದರೊಳಗಿನ ಕೆಂಪು ದೀಪ ಮಿಣಕ್ ಅಂತು. ಜಾಸ್ತಿಯಲ್ಲ, ನಿದ್ದೆಗಣ್ಣು ಬಿಟ್ಟ ಹಾಗೆ. ಮಂಟಪದ ಹಿಂದೆ ಬಗ್ಗಿ ನೋಡಿದೆ. ಬಲ್ಬಿನ ಸರ ಜಾರದಿರಲಿ ಎಂದು ನಾನೇ ಹೊಡೆದ ಮೊಳೆ, ವೈರಿನ ತೊಗಲನ್ನು ಸೀಳಿಕೊಂಡು ಹಿತ್ತಾಳೆಗೆ ತಾಗಿ ಕೂತಿದೆ. ಎರಡು ಕಡ್ಡಿಯ ಪ್ಲಗ್ಗು, ಅರ್ತ್ ಇಲ್ಲ. ದಾರಿ ತಪ್ಪಿದ ಕರೆಂಟು ನೆಲಕ್ಕೆ ಇಳಿದುಹೋಗಲು ಬೇರೆ ದಾರಿಯಿಲ್ಲ. ದಾರಿ ಎಂದರೆ ಅಜ್ಜಿಯೇ.

ಇನ್ನು ಮಡಿಯ ವಿಚಾರ. ನಗಬೇಡ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಮಡಿ ಎಂದರೆ ಒದ್ದೆ ಸೀರೆ, ಒದ್ದೆ ಕೈ, ಬರಿಗಾಲು, ತೊಳೆದ ನೆಲ. ಕರೆಂಟಿಗೆ ಇದಕ್ಕಿಂತ ದೊಡ್ಡ ಸ್ವಾಗತ ಯಾರೂ ಕೊಡಲಾರರು. ಮೈಲಿಗೆ ಎಂದರೆ ಒಣ ಕೈ, ರಬ್ಬರ್ ಚಪ್ಪಲಿ. ಅದನ್ನು ಅದು ಮೂಸಿಯೂ ನೋಡುವುದಿಲ್ಲ. ನಮ್ಮ ಮೇಷ್ಟ್ರು ಒಂದು ವರ್ಷ ಬೋರ್ಡಿನ ಮೇಲೆ ಬರೆದು ನನಗೆ ಅರ್ಥ ಮಾಡಿಸಲಾಗದ್ದನ್ನು ಅಜ್ಜಿ ಒಂದೇ ವಾಕ್ಯದಲ್ಲಿ ಹೇಳಿದ್ದಳು.

ಆ ಕ್ಷಣವೇ ಪ್ಲಗ್ ಕಿತ್ತೆ. ಬಲ್ಬ್ ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ಮಾರನೆಯ ಬೆಳಿಗ್ಗೆ ಕೃಷ್ಣ ಚಿವುಟಲಿಲ್ಲ. ಅಜ್ಜಿ ದೇವರ ಮನೆಯ ಬಾಗಿಲಿಗೆ ಒರಗಿ ಕೂತವಳು ಏಳಲಿಲ್ಲ. ಊಟ ಬೇಡ, ನೀರೂ ಬೇಡ. "ನನ್ನಿಂದ ಏನೋ ಅಪಚಾರ ಆಗಿದೆ" ಅಂತ ಅಷ್ಟೇ. ಎರಡನೆಯ ದಿನವೂ ಹಾಗೇ. ಅವಳ ಸಕ್ಕರೆಕಾಯಿಲೆಗೆ ಹೊಟ್ಟೆ ಖಾಲಿ ಬಿಡುವ ಹಾಗಿಲ್ಲ. ಕೊನೆಗೆ ಬೈದುಕೊಂಡೇ ಪ್ಲಗ್ಗನ್ನು ಮತ್ತೆ ಚುಚ್ಚಿದೆ. ಹೌದು, ನಾನೇ. ಚಿವುಟಿದ. ಅಜ್ಜಿ ಉಂಡಳು.

ಕಾಲಕೆಳಗೆ ರಬ್ಬರ್ ಮ್ಯಾಟ್ ಹಾಕಿ ನೋಡಿದೆ. ಅದನ್ನು ಮಡಿಕೋಲಿನ ತುದಿಯಿಂದ ಎತ್ತಿ ಬೀದಿಗೆ ಎಸೆದಳು. ಈಗ ಕೆಳಗಿನ ಮನೆ ಶಾರದಮ್ಮ ಬೇರೆ "ನಾನೂ ಒಂದು ದಿನ ಮಡಿಯುಟ್ಟು ಬರಲಾ ಭೀಮಕ್ಕಾ?" ಅಂತಿದ್ದಾರೆ. ಹೇಗೋ ತಡೆದಿದ್ದೇನೆ.

ಮಠದ ಆಫೀಸಿಗೂ ಫೋನ್ ಮಾಡಿದ್ದೆ. "ಏನು ವಿಷಯ?" ಅಂದರು. "ನಮ್ಮನೆ ಕೃಷ್ಣನಿಗೆ ಕರೆಂಟ್ ಬರ್ತಿದೆ" ಅಂದೆ. "ಬಹಳ ಸಂತೋಷ" ಅಂತ ಇಟ್ಟುಬಿಟ್ಟರು.

ಅಜ್ಜಿಗೆ ನಿಜ ಹೇಳಲಾ ಬೇಡವಾ? ನಾನು ಹೇಳಿದರೆ ತಮಾಷೆ ಅನ್ನುತ್ತಾಳೆ. ನೀನು ಹೇಳಬೇಕು. ಈಗ ಚಿವುಟುತ್ತಿರುವುದು ಯಾವತ್ತು ಕಚ್ಚುತ್ತದೋ ಗೊತ್ತಿಲ್ಲ. ಬೇಗ ಬರಿ.

ಇತಿ,
ಆರೋಪಿ


ಮಠದ ಪಾಕಶಾಲೆ
9 ಆಗಸ್ಟ್

ಚಿ. ರಂಜನಿಗೆ,

ನಿನ್ನ ಕಾಗದ ಓದಿದೆ. ಸಂಕಲ್ಪ ಮಾಡಿ ಕೂತವನು ನಡುವೆ ಎದ್ದು ಬರುವ ಹಾಗಿಲ್ಲ. ಕಾಗದದಲ್ಲಿ ಇಂಥದ್ದನ್ನು ಅಮ್ಮನಿಗೆ ಹೇಗೆ ಬರೆಯಲಿ? ಕೃಷ್ಣನಲ್ಲಮ್ಮ, ಮೊಳೆ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಮುಂದಿನ ತಿಂಗಳು ಬಂದು ಎದುರು ಕೂತು ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಸಂಭಾಳಿಸು.

ನನಗೆ ತೋಚಿದ್ದು ಹೇಳುತ್ತೇನೆ. ಸಾರಿಗೆ ಉಪ್ಪು ಹೆಚ್ಚಾದರೆ ನಾವಿಲ್ಲಿ ಸ್ವಲ್ಪ ನೀರು ಬೆರೆಸಿ ಸರಿಮಾಡುತ್ತೇವೆ. ಹಾಗೆ ಆ ಕರೆಂಟನ್ನು ಸ್ವಲ್ಪ ಕಡಿಮೆ ಮಾಡಲು ಬರುವುದಿಲ್ಲವೇ? ಚಿವುಟಬೇಕು, ನೋಯಿಸಬಾರದು. ಇಷ್ಟು ಓದಿಸಿದ್ದೇನೆ, ಅಷ್ಟು ಮಾಡು.

ಅಪ್ಪ


ಪಶ್ಚಿಮ ಮಾಂಬಲಂ
19 ಆಗಸ್ಟ್

ಅಪ್ಪಾ,

ಅಮ್ಮ ಮಠದ ಆಫೀಸಿಗೆ ಫೋನ್ ಮಾಡಿ ಹೇಳಿಸಿದ್ದು ನಿನಗೆ ಮುಟ್ಟಿರಬೇಕು. ಅಜ್ಜಿಯ ಜೀವಕ್ಕೇನೂ ಅಪಾಯವಿಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ. ಉಳಿದದ್ದನ್ನು ಬರೆಯಲು ಮೂರು ದಿನದಿಂದ ಕೂತು ಏಳುತ್ತಿದ್ದೇನೆ.

ನೀರು ಬೆರೆಸಿದರೆ ಇಲ್ಲಿ ಉಪ್ಪು ಹೆಚ್ಚುತ್ತದೆ ಅಪ್ಪ. ಗೊತ್ತಿದ್ದೂ ನೀನು ಹೇಳಿದ್ದಕ್ಕೆ ಒಪ್ಪಿದೆ, ಯಾಕೆಂದರೆ ನನಗೂ ಅದೇ ಬೇಕಿತ್ತು. ಮರದ ಮಣೆ ಹಾಕಿ "ನಿಂತು ಮಂಡಿ ನೋವಾಗುತ್ತೆ, ಇದರ ಮೇಲೆ ಕೂತುಕೋ" ಅಂದೆ. ಮರಕ್ಕೆ ಮೈಲಿಗೆಯಿಲ್ಲ, ಒಪ್ಪಿದಳು. ಒಣಮರವಾದರೆ ಕರೆಂಟು ದಾಟುವುದಿಲ್ಲ, ಸೀರೆಯ ನೀರಿಗೆ ನೆಂದರೆ ಒಂಚೂರು ದಾಟುತ್ತದೆ. "ಇವತ್ತು ಮೆತ್ತಗೆ ಚಿವುಟಿದ" ಅಂದಳು. ನಾನು ಗೆದ್ದೆ ಅಂದುಕೊಂಡೆ. ಮೂರು ದಿನ ಗೆದ್ದೆ.

ಹದಿನಾರನೆಯ ತಾರೀಕು ಗೋಕುಲಾಷ್ಟಮಿ. ಬೆಳಿಗ್ಗೆ ಮಂಟಪ ತೊಳೆಯಬೇಕು ಅಂದಳು. ನಾನೇ ಪ್ಲಗ್ ಕಿತ್ತು, ತೊಳೆದ ಮೇಲೆ ನಾನೇ ಚುಚ್ಚಿದೆ. ಎರಡು ಕಡ್ಡಿಯ ಪ್ಲಗ್ಗಿಗೆ ಬಲ ಎಡ ಇಲ್ಲ ಅಪ್ಪ, ಹೇಗೆ ತಿರುಗಿಸಿ ಚುಚ್ಚಿದರೂ ಬಲ್ಬು ಉರಿಯುತ್ತದೆ. ಆ ಮೊಳೆ ಇದ್ದದ್ದು ಸರದ ಒಂದು ತುದಿಯ ಹತ್ತಿರ. ಇಷ್ಟು ದಿನ ಅಲ್ಲಿಗೆ ಕರೆಂಟು ಮುಕ್ಕಾಲು ಪಾಲು ಬಲ್ಬುಗಳನ್ನು ದಾಟಿ, ಸುಸ್ತಾಗಿ ಬರುತ್ತಿತ್ತು. ಅದಕ್ಕೇ ಚಿವುಟು. ಅವತ್ತು ತಿರುವುಮುರುವು ಚುಚ್ಚಿದ್ದರಿಂದ ಮನೆಗೆ ಬರುವ ಕರೆಂಟಿನ ಹೆಚ್ಚಿನ ಪಾಲು ನೇರ ಮೊಳೆಗೇ ಬಂತು. ಇದೆಲ್ಲ ನನಗೆ ಆಮೇಲೆ ಹೊಳೆದದ್ದು. ಎರಡನೇ ವರ್ಷದ ಪಾಠ, ನಾನು ಬಾಕಿ ಉಳಿಸಿಕೊಂಡಿರುವ ಪೇಪರಿನಲ್ಲಿದೆ.

ಅವತ್ತು ಅಜ್ಜಿ ಮಣೆಯ ಮೇಲೆ ಚಕ್ಕುಲಿ, ಉಂಡೆಗಳ ತಟ್ಟೆ ಇಟ್ಟಿದ್ದಳು. ತಾನು ಒದ್ದೆ ನೆಲದ ಮೇಲೆ ಕೂತಳು. ಹಾಲು ಹಾಕಿ, ಒಂದು ಕೈಯಲ್ಲಿ ಕೃಷ್ಣನನ್ನು ಹಿಡಿದಳು.

ನಾನು ಹೊಸಿಲಿನಲ್ಲಿದ್ದೆ. ಹಾಡುತ್ತಿದ್ದವಳ ಸ್ವರ ಒಂದು ಅಕ್ಷರದ ಮೇಲೆ ನಿಂತುಬಿಟ್ಟಿತು. ಮೈ ಬಿಗಿಯಿತು. ಕೈ ಬಿಡಲು ಬರುತ್ತಿರಲಿಲ್ಲ. ಕಣ್ಣು ನನ್ನ ಕಡೆಗಿತ್ತು. ಓಡಿ ಹಿಡಿದುಕೊಳ್ಳಬೇಕು ಅನ್ನಿಸಿತು. ಮುಟ್ಟಿದರೆ ಇಬ್ಬರೂ ಹೋಗುತ್ತೇವೆ ಅನ್ನುವುದೊಂದೇ ಆ ಕ್ಷಣ ತಲೆಯಲ್ಲಿ ಉಳಿದಿದ್ದ ಓದು. ಪ್ಲಗ್ಗು ಅಜ್ಜಿಯ ಆಚೆಗೆ, ಮಂಟಪದ ಹಿಂದೆ. ಮೇನ್ ಸ್ವಿಚ್ಚು ಕೆಳಗೆ, ಮೆಟ್ಟಿಲಿನ ಬುಡದಲ್ಲಿ. ಪಡಸಾಲೆಯಲ್ಲಿ ಮಡಿಕೋಲು ಒರಗಿಸಿತ್ತು, ಯಾರೂ ಮುಟ್ಟದ ಹಾಗೆ ಸೀರೆಯನ್ನು ಮೇಲಿನ ಗಳುವಿಗೆ ಏರಿಸುವ ಆ ಒಣ ಬಿದಿರು. ಅದರಿಂದ ಅಜ್ಜಿಯ ಮೊಣಕೈಗೆ ಹೊಡೆದೆ. ಒಂದು ಸಲಕ್ಕೆ ಬಿಡಲಿಲ್ಲ. ಇನ್ನೊಂದು ಹೊಡೆದೆ, ಜೋರಾಗಿ. ಕೈ ಕಳಚಿತು, ಅಜ್ಜಿ ಹಿಂದಕ್ಕೆ ಬಿದ್ದಳು.

ತಾತ ಹೋದ ಮೇಲೆ ಹದಿನಾಲ್ಕು ತಿಂಗಳಲ್ಲಿ ನಾನು ಅಜ್ಜಿಯನ್ನು ಮುಟ್ಟಿದ್ದು ಅದೇ ಮೊದಲು. ಅದೂ ಕೋಲಿನಿಂದ.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಎದೆಗೆ ಏನೂ ಆಗಿಲ್ಲ ಅಂದರು. ಅಂಗೈಯಲ್ಲಿ ಹುಣಸೆಬೀಜದಷ್ಟು ಸುಟ್ಟಿದೆ. ನಮ್ಮ ಬೀದಿಯ ಎಲೆಕ್ಟ್ರಿಕ್ ಅಂಗಡಿ ಮೋನಪ್ಪ ಬಂದರು. ಮಂಟಪದ ಹಿಂದೆ ನೋಡಿ, "ಎಂತ ಮಾರಾಯ್ತಿ, ಇದು ದೇವರ ಮನೆಯಾ, ಟ್ರಾನ್ಸ್‌ಫಾರ್ಮರಾ?" ಅಂದರು. ಸರವನ್ನು ಕಿತ್ತೆಸೆದು, ಮನೆಗೆಲ್ಲ ಅರ್ತ್ ಹಾಕಿ, ಪಡಸಾಲೆಯಲ್ಲಿ ಆರ್‌ಸಿಸಿಬಿ ಕೂರಿಸಿದರು. ಕರೆಂಟು ಒಂಚೂರು ದಾರಿ ತಪ್ಪಿದರೂ ಟಪ್ ಎಂದು ಬಿದ್ದು ಮನೆಯನ್ನೇ ಆರಿಸುವ ಸ್ವಿಚ್ಚದು. ಮೊದಲೇ ಇದ್ದಿದ್ದರೆ ಆ ಮೊದಲ ಸೋಮವಾರವೇ ಬೀಳುತ್ತಿತ್ತಂತೆ.

ಅಜ್ಜಿಗೆ ಎಚ್ಚರ ಬಂದ ಮೇಲೆ ನನ್ನನ್ನು ನೋಡಿ ಹೇಳಿದ್ದು ಒಂದೇ ಮಾತು. ಆಮೇಲೆ ಇಲ್ಲಿಯವರೆಗೆ ನನ್ನ ಹತ್ತಿರ ಮಾತಾಡಿಲ್ಲ.

"ಅವತ್ತು ಅವನು ಕೈಯನ್ನೇ ಹಿಡಿದುಕೊಂಡಿದ್ದ ಕಣೆ. ನೀನು ಬಿಡಿಸಿಬಿಟ್ಟೆ."

ರಂಜನಿ


ಮಠದ ಪಾಕಶಾಲೆ
26 ಆಗಸ್ಟ್

ರಂಜೂ,

ತಪ್ಪು ನನ್ನದು. ಉಪ್ಪಿನ ಮಾತು ಬರೆದ ಕೈ ನನ್ನದು.

ಇಲ್ಲಿ ಹಿರಿಯರೊಬ್ಬರನ್ನು ಕೇಳಿದೆ. ಮುದುಕಿ ಮನಸ್ಸು ಮುರಿಯಬೇಡ, ಸಮಾಧಾನ ಹೇಳು ಎಂದರು. ಅಮ್ಮನಿಗೆ ಬೇರೆ ಕಾಗದ ಇಟ್ಟಿದ್ದೇನೆ. ಅವಳ ಕಣ್ಣಿಗೆ ಪೊರೆ ಬಂದಿದೆ, ನೀನೇ ಓದಿ ಹೇಳು. ದಯವಿಟ್ಟು ಇದ್ದದ್ದು ಇದ್ದ ಹಾಗೆ ಓದು.

"ತೀರ್ಥರೂಪಳಾದ ಅಮ್ಮನಿಗೆ ಗುರುಚರಣನ ನಮಸ್ಕಾರಗಳು. ನೀನು ದುಃಖಪಡಬೇಡ. ಕೃಷ್ಣ ನಿನ್ನನ್ನು ಬಿಟ್ಟು ಹೋಗಿಲ್ಲ. ಮೊನ್ನೆ ಇಲ್ಲಿ ಅಭಿಷೇಕದ ಪಾತ್ರೆ ತೊಳೆಯುವಾಗ ನನ್ನ ಕೈಯನ್ನೂ ಜುಮ್ಮೆಂದು ಚಿವುಟಿದ. ನನ್ನನ್ನು ನೋಡಲು ಬಂದಿದ್ದಾನೆ, ನನ್ನ ಜೊತೆಗೇ ಮನೆಗೆ ಬರುತ್ತಾನೆ. ಅಲ್ಲಿಯವರೆಗೆ ನೀನು ಊಟ ಬಿಡಕೂಡದು."

ಅಪ್ಪ


ಪಶ್ಚಿಮ ಮಾಂಬಲಂ
3 ಸೆಪ್ಟೆಂಬರ್

ಅಪ್ಪಾ,

ಇದ್ದದ್ದು ಇದ್ದ ಹಾಗೆ ಓದಲಿಲ್ಲ.

ಅಜ್ಜಿ ದೇವರ ಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. ಬೆಳಗಿನ ಗಂಜಿ ಎರಡು ಚಮಚ ತಿಂದು ಬಿಟ್ಟಿದ್ದಳು. ನಾನು ಎರಡು ಮಾರು ದೂರ ಕೂತು ನಿನ್ನ ಕಾಗದ ಬಿಚ್ಚಿದೆ. ನಮಸ್ಕಾರದವರೆಗೆ ನಿನ್ನದನ್ನೇ ಓದಿದೆ. ಮುಂದಿನ ಸಾಲು ಬಾಯಿಗೆ ಬರಲಿಲ್ಲ. ಬದರಿನಾಥ ಮಾವನಿಗೆ, ಶಾರದಮ್ಮನಿಗೆ, ಕಾಲೇಜಿನ ವಾಚ್‌ಮನ್‌ಗೆ, ಯಾರಿಗೆ ಎಂಥ ಸುಳ್ಳು ಹೇಳಿದ್ದೇನೆ ಅಂತ ನಿನಗೆ ಗೊತ್ತು. ಇದೊಂದು ಆಗಲಿಲ್ಲ. ಕಾಗದ ನೋಡಿಕೊಂಡೇ ಓದುವವಳ ಸ್ವರದಲ್ಲಿ ಹೇಳಿದೆ: "ಅಮ್ಮಾ, ರಂಜನಿ ಮಂಟಪಕ್ಕೆ ಮೊಳೆ ಹೊಡೆಯುವಾಗ ವೈರಿಗೆ ತಾಗಿತ್ತು. ನಿನ್ನ ಕೈಗೆ ಜುಮ್ ಅಂದದ್ದು ಕರೆಂಟು. ಅವಳಿಗೆ ಒಂದು ತಿಂಗಳಿಂದ ಗೊತ್ತಿತ್ತು. ಹೇಳಲು ಧೈರ್ಯ ಬರಲಿಲ್ಲ. ನನಗೂ ಬರಲಿಲ್ಲ."

ಅಜ್ಜಿ ಕಾಗದದ ಕಡೆ ಕೈ ತೋರಿಸಿದಳು.

"ಅಲ್ಲಿ ಹಾಗೆ ಬರೆದಿದ್ದಾನಾ?"

"ಇಲ್ಲ."

"ಅದೇ ಅಂದ್ಕೊಂಡೆ. ಗುರೂ ಇಷ್ಟು ನೇರ ಬರೆಯೋನಲ್ಲ." ಆಮೇಲೆ, "ತಮಾಷೆ ಮಾಡ್ತಿಲ್ಲ ತಾನೇ?"

"ಇಲ್ಲಜ್ಜಿ."

"ನಿಜವಾಗಿ?"

"ನಿನ್ನಾಣೆ."

ತನ್ನ ಅಂಗೈಯ ಕಲೆಯನ್ನು ನೋಡಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಣ್ಣ ಮಕ್ಕಳು ಲೆಕ್ಕ ಕೇಳುವ ಹಾಗೆ ಕೇಳಿದಳು: "ಹಾಗಾದ್ರೆ ಇಷ್ಟು ದಿನ ಅಲ್ಲಿ ಯಾರೂ ಇರಲಿಲ್ಲವಾ?"

ಇದಕ್ಕೆ ಏನು ಹೇಳಬೇಕಿತ್ತು ಅಪ್ಪ? ನೀನು ಆ ಹಿರಿಯರನ್ನು ಕೇಳಿ ಬರಿ. ನಾನು ಅಲ್ಲೇ ಕೂತಿದ್ದೆ, ಅಷ್ಟೇ.

ಆಮೇಲೆ ಅಜ್ಜಿ ಸುಟ್ಟ ಕೈಯನ್ನು ನನ್ನ ಕಡೆಗೆ ಚಾಚಿದಳು. "ಚಿವುಟು" ಅಂದಳು.

"ಮಡಿಯಲ್ಲಿದ್ದೀಯ."

"ಇನ್ನೊಂದು ಸ್ನಾನ ಮಾಡ್ತೀನಿ. ಚಿವುಟು."

ಕಲೆಗೆ ತಾಗದ ಹಾಗೆ, ಹೆಬ್ಬೆರಳಿನ ಬುಡದಲ್ಲಿ ಮೆತ್ತಗೆ ಚಿವುಟಿದೆ. ಅವಳ ಚರ್ಮ ಇಷ್ಟು ತೆಳ್ಳಗಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ಅಜ್ಜಿ ಕಣ್ಣು ಮುಚ್ಚಿಕೊಂಡು, ರುಚಿ ನೋಡುವವಳ ಹಾಗೆ ತಲೆ ಸ್ವಲ್ಪ ಓರೆ ಮಾಡಿದಳು.

"ಇಲ್ಲ," ಅಂದಳು. "ಅವನದು ಹೀಗಿರಲಿಲ್ಲ."

ಎದ್ದು ಸ್ನಾನಕ್ಕೆ ಹೋದಳು. ಮಧ್ಯಾಹ್ನ ಅರ್ಧ ಊಟ ಮಾಡಿದಳು. ನನ್ನ ಮೇಲೆ ಕೋಪವಿದೆಯೋ ಇಲ್ಲವೋ ತಿಳಿಯುತ್ತಿಲ್ಲ. "ಹೂಂ" ಮತ್ತೆ ಬಂದಿದೆ. ಆದರೆ ಈಗ ಒಂದು ಹೊಸ ಮಾತೂ ಇದೆ. ದಿನಾ ಬೆಳಿಗ್ಗೆ ದೇವರ ಮನೆಗೆ ಹೋಗುವ ಮುಂಚೆ ಕೂಗುತ್ತಾಳೆ: "ರಂಜೂ, ಸ್ವಿಚ್ಚು ಸರಿಯಿದೆಯಾ?" ನಾನು ಆ ಹೊಸ ಸ್ವಿಚ್ಚಿನ ಪರೀಕ್ಷೆಯ ಗುಂಡಿ ಒತ್ತುತ್ತೇನೆ. ಟಪ್ ಎಂದು ಬೀಳುತ್ತದೆ, ಫ್ಯಾನು ನಿಲ್ಲುತ್ತದೆ. ಮತ್ತೆ ಎತ್ತುತ್ತೇನೆ. "ಸರಿಯಿದೆ ಅಜ್ಜಿ." "ಹೂಂ."

ಆಮೇಲೆ ನೀರು ಹಾಕುತ್ತಾಳೆ. ತಲೆ ಒರೆಸುತ್ತಾಳೆ. ಒರೆಸಿದ ಮೇಲೂ ಕೈ ಅಲ್ಲೇ ಇಟ್ಟುಕೊಂಡು ಕೂತಿರುತ್ತಾಳೆ. ಮೊದಲಿಗಿಂತ ಜಾಸ್ತಿ ಹೊತ್ತು.

ಮಂಟಪಕ್ಕೆ ಈಗ ಒಂದು ವೈರೂ ಇಲ್ಲ ಅಪ್ಪ. ಅಲ್ಲಿಂದ ಆ ಸ್ವಿಚ್ಚು ಬೀಳಲು ಕಾರಣವೇ ಇಲ್ಲ, ನಮ್ಮ ಮೇಷ್ಟ್ರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಆದರೂ ಅವಳು ಕೈ ಎತ್ತುವವರೆಗೆ ನಾನು ಕಾಲೇಜಿನ ಬ್ಯಾಗು ಹೆಗಲಿಗೆ ಹಾಕಿಕೊಂಡು ಆ ಸ್ವಿಚ್ಚಿನ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿರುತ್ತೇನೆ, ಟಪ್ ಅನ್ನುತ್ತದೇನೋ ಎಂದು.

ಇವತ್ತೂ ಬೀಳಲಿಲ್ಲ.

ರಂಜನಿ